ಮನೆಯ ಜಗಳಕ್ಕೆ ಸಭೆಯೇಕೆ?



ನರಸಿಂಹರಾಜಪುರ ತಾಲ್ಲೂಕಿನ ಸೀತೂರು ಮತ್ತು ಅದರ ಆಚೀಚೆಗಿನ ಕೊಪ್ಪ, ಶೃಂಗೇರಿ ಸೀಮೆಯ ಹಳ್ಳಿಗಳನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಬಯಲುಸೀಮೆಯ ಊರುಗಳಂತೆ ಅಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರುವುದಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಡಿಕೆ ತೋಟವೋ ಗದ್ದೆಯೋ ಗುಡ್ಡವೋ ಇರುತ್ತದೆ. ಗಂಡ ಹೆಂಡಿರು ಜೋರಾಗಿ ಮಾತಾಡಿಕೊಂಡರೂ ಪಕ್ಕದ ಮನೆಗೆ ಕೇಳಿಸದು. ಕೇಳಿಸಿದರೂ ಕೇಳಿಸದವರಂತೆ ಇರುವುದೇ ಅಲ್ಲಿನ ಮರ್ಯಾದೆ. ಮಾತು ಮಿತಿಮೀರಿದಾಗ ಹೆಣ್ಣಿನ ತವರಿನವರೋ, ಸೋದರಮಾವನೋ, ಊರಿನ ಹಿರಿಯರೋ ಬಂದು ಜಗಲಿಯ ಮೇಲೆ ಕುಳಿತು ಎರಡೂ ಕಡೆಯವರನ್ನು ವಿಚಾರಿಸುವ ರೂಢಿ ಇತ್ತು. ಆ ಹಿರಿಯರ ನ್ಯಾಯ ಯಾವಾಗಲೂ ನ್ಯಾಯವೇ ಆಗಿರುತ್ತಿತ್ತೆಂದು ಹೇಳಲಾಗದು. ಆ ಮಾತಿಗೆ ಮುಂದೆ ಬರೋಣ.

ಇಂದು ಅದೇ ಸೀತೂರಿನ ಕಾಲೇಜು ವಿದ್ಯಾರ್ಥಿನಿಗೆ ತೋಟದಾಚೆಯ ಮನೆಯ ಸಮಾಚಾರ ತಿಳಿಯುವ ಮೊದಲೇ ಬೆಂಗಳೂರಿನ ಯಾವುದೋ ತಾರಾದಂಪತಿಯ ಮನಸ್ತಾಪ ತಿಳಿದಿರುತ್ತದೆ. ಅದನ್ನು ತಿಳಿಸಿದವರೂ ಬೇರೆಯವರಲ್ಲ, ಆ ದಂಪತಿಗಳೇ. ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಇನ್ನೊಬ್ಬರು ಸಂಜೆಯೊಳಗೆ ಉತ್ತರ ಕೊಡುತ್ತಾರೆ. ಒಂದೇ ಸೂರಿನಡಿ ಬಾಳಿದ ಇಬ್ಬರು, ಪರಸ್ಪರ ಹೇಳಿಕೊಳ್ಳಬೇಕಾದ ಮಾತನ್ನು ಲಕ್ಷಾಂತರ ಅಪರಿಚಿತರ ಮುಂದೆ ಏಕೆ ಹೇಳುತ್ತಾರೆ? ‘ಪ್ರಚಾರದ ಹುಚ್ಚು’ ಎಂದುಬಿಡುವುದು ಸುಲಭ. ಆದರೆ ಅದು ಬೈಗುಳವೇ ಹೊರತು ವಿವರಣೆಯಾಗಲಾರದು.

ಮಲೆನಾಡಿನವರಿಗೆ ಇದನ್ನು ತಾಳಮದ್ದಳೆಯ ಮೂಲಕ ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ವಾದಿಸುತ್ತಾರೆ. ಕರ್ಣನು ಶಲ್ಯನಿಗೆ, ವಾಲಿಯು ರಾಮನಿಗೆ ಹೇಳುತ್ತಿರುವಂತೆ ನಮಗೆ ತೋರುತ್ತದೆ. ಆದರೆ ಅವರ ಮಾತಿನ ಒಂದು ಕಿವಿ ಸದಾ ಸಭೆಯ ಕಡೆಗೇ ಇರುತ್ತದೆ. ಎದುರಾಳಿ ಒಪ್ಪಬೇಕೆಂಬುದಕ್ಕಿಂತ ಸಭೆ ತಲೆದೂಗಬೇಕೆಂಬುದೇ ಅಲ್ಲಿ ಮುಖ್ಯ. ಜಾಲತಾಣದಲ್ಲಿ ನಡೆಯುವ ದಾಂಪತ್ಯದ ವಾದವೂ ಹೀಗೆಯೇ. ಗಂಡನನ್ನು ಉದ್ದೇಶಿಸಿ ಬರೆದಂತೆ ಕಾಣುವ ಪತ್ರದ ನಿಜವಾದ ವಿಳಾಸ ನಾವು, ನೀವು. ವ್ಯತ್ಯಾಸ ಒಂದೇ: ಬೆಳಗಿನ ಜಾವ ಪ್ರಸಂಗ ಮುಗಿದ ಮೇಲೆ ಅರ್ಥಧಾರಿಗಳಿಬ್ಬರೂ ಜೊತೆಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ.

ಹಾಗಾದರೆ ಸಭೆಯ ಮೆಚ್ಚುಗೆ ತಾರೆಯರಿಗೆ ಅಷ್ಟೊಂದು ಏಕೆ ಬೇಕು? ನಟ, ಗಾಯಕ, ಕಿರುತೆರೆಯ ಕಲಾವಿದೆ, ಇವರಿಗೆಲ್ಲ ಜನರ ಮನಸ್ಸಿನಲ್ಲಿರುವ ಚಿತ್ರವೇ ಬಂಡವಾಳ. ಸಿನಿಮಾ, ಜಾಹೀರಾತು, ಮಳಿಗೆಯ ಉದ್ಘಾಟನೆ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಎಷ್ಟೋ ಜೋಡಿಗಳ ವಿಷಯದಲ್ಲಿ ದಾಂಪತ್ಯವೂ ಈ ಬಂಡವಾಳದ ಒಂದು ಭಾಗ. ನಿಶ್ಚಿತಾರ್ಥ, ಮದುವೆ, ಪ್ರವಾಸ, ಸೀಮಂತ ಎಲ್ಲವನ್ನೂ ಅಭಿಮಾನಿಗಳು ಕಂಡಿರುತ್ತಾರೆ. ಸಂತೋಷದ ದಿನಗಳಿಗೆಲ್ಲ ಕರೆದ ಜನರನ್ನು ದುಃಖದ ದಿನ ಹೊರಗೆ ನಿಲ್ಲಿಸುವುದು ಸುಲಭವಲ್ಲ. ಕರೆಯದಿದ್ದರೆ ಅವರೇ ಕಿಟಕಿಯಲ್ಲಿ ಇಣುಕುತ್ತಾರೆ. ಗಂಡನ ಹೆಸರು ಖಾತೆಯಿಂದ ಮಾಯವಾಯಿತೇ, ಮದುವೆಯ ಫೋಟೋ ಅಳಿಸಿದರೇ ಎಂದು ಲೆಕ್ಕ ಹಾಕುತ್ತಾರೆ.

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ನೋಡಿ. ಗಾಯಕ ಚಂದನ್ ಶೆಟ್ಟಿ ಮತ್ತು ನಿವೇದಿತಾ ಗೌಡ ‘ಬಿಗ್ ಬಾಸ್’ ಕನ್ನಡದ ಐದನೆಯ ಆವೃತ್ತಿಯಲ್ಲಿ ಸ್ಪರ್ಧಿಗಳಾಗಿದ್ದವರು. 2019ರ ಅಕ್ಟೋಬರ್‌ನಲ್ಲಿ ಮೈಸೂರಿನ ಯುವ ದಸರಾ ವೇದಿಕೆಯಲ್ಲಿ, ಸಾವಿರಾರು ಜನರೆದುರು ಚಂದನ್ ಪ್ರೇಮ ನಿವೇದನೆ ಮಾಡಿದರು. ಸರ್ಕಾರಿ ವೇದಿಕೆ ಇದಕ್ಕೇ ಇರುವುದೇ ಎಂಬ ಟೀಕೆಯೂ ಆಗ ಬಂತು. 2020ರ ಫೆಬ್ರವರಿಯಲ್ಲಿ ಮದುವೆಯಾಯಿತು. 2024ರ ಜೂನ್ 7ರಂದು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ದೊರೆಯಿತು. ಇಬ್ಬರೂ ಇನ್‌ಸ್ಟಾಗ್ರಾಂನಲ್ಲಿ ಅದನ್ನು ತಿಳಿಸಿ, ತಮ್ಮ ಖಾಸಗಿತನವನ್ನು ಗೌರವಿಸಬೇಕೆಂದು ಕೋರಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರಣಗಳನ್ನು ಊಹಿಸುವವರು ಹುಟ್ಟಿಕೊಂಡರು. ಮೂರೇ ದಿನಗಳಲ್ಲಿ, ಜೂನ್ 10ರಂದು, ಬೇರೆಯಾದ ಇಬ್ಬರೂ ಅಕ್ಕಪಕ್ಕ ಕುಳಿತು ಪತ್ರಿಕಾಗೋಷ್ಠಿ ನಡೆಸಿ ವದಂತಿಗಳನ್ನು ಅಲ್ಲಗಳೆಯಬೇಕಾಯಿತು. ಇಲ್ಲಿ ಬಹಿರಂಗ ಜಗಳವೇ ಇರಲಿಲ್ಲವೆಂಬುದನ್ನು ಗಮನಿಸಿ. ಜಗಳವಿಲ್ಲ ಎಂದು ಹೇಳುವುದಕ್ಕೂ ಸಭೆ ಸೇರಿಸಬೇಕಾಯಿತು! ಮೌನವನ್ನು ಮೌನವಾಗಿಯೇ ಉಳಿಯಗೊಡದ ಕಾಲದಲ್ಲಿ, ಸುಮ್ಮನಿದ್ದವರ ಪರವಾಗಿ ಇನ್ನಾರೋ ಮಾತಾಡಿಬಿಡುತ್ತಾರೆ. ಮೊದಲು ಕೇಳಿದ ಕಥೆಯೇ ಕೇಳುಗರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಡುತ್ತದೆ. ಆದ್ದರಿಂದ ಮನಸ್ತಾಪವಿರುವ ಕಡೆ, ಎದುರಿನವರು ಬರೆಯುವುದಕ್ಕಿಂತ ಮೊದಲು ತಾನು ಬರೆಯಬೇಕೆಂಬ ಆತುರ ಇಬ್ಬರಿಗೂ ಉಂಟಾಗುತ್ತದೆ.

ಲೋಕಾಪವಾದ ಹೊಸದೇನೂ ಅಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯ ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಸೀತಾಪರಿತ್ಯಾಗದ ಕಥೆ ಇದೆ. ಊರಿನವರ ಒಂದು ಮಾತು ಅರಮನೆಗೆ ತಲುಪಿ, ತುಂಬು ಗರ್ಭಿಣಿ ಕಾಡಿನ ಪಾಲಾಗುತ್ತಾಳೆ. ಆಕೆಯನ್ನು ಯಾರೂ ಕೇಳಲಿಲ್ಲ. ಉತ್ತರ ಹೇಳಲು ಆಕೆಗೊಂದು ಜಾಗವೂ ಇರಲಿಲ್ಲ. ಹಿಂದಿನ ಸಿನಿಮಾ ಪತ್ರಿಕೆಗಳ ಕಾಲದಲ್ಲೂ ತಾರೆಯರ ಸಂಸಾರದ ಗಾಳಿಮಾತು ಅಚ್ಚಾಗುತ್ತಿತ್ತು. ಬರೆಯುವ ಲೇಖನಿ ಮಾತ್ರ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಸಂದರ್ಶನ ಕೊಟ್ಟರೂ ಅದು ಪೂರ್ತಿ ತಮ್ಮದಾಗುತ್ತಿರಲಿಲ್ಲ. ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರ ನವೆಂಬರ್‌ನಲ್ಲಿ ಬಿಬಿಸಿಗೆ ತಮ್ಮ ದಾಂಪತ್ಯದ ಒಡಕಿನ ಬಗ್ಗೆ ಹೇಳಿಕೊಂಡಾಗ ಆ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಜನ ನೋಡಿದರು. ಆ ಸಂದರ್ಶನವನ್ನು ಗಿಟ್ಟಿಸಲು ಸಂದರ್ಶಕ ವಂಚನೆಯ ಮಾರ್ಗ ಹಿಡಿದಿದ್ದನೆಂದು 2021ರ ವಿಚಾರಣಾ ವರದಿ ಹೇಳಿತು. ಮಧ್ಯವರ್ತಿಯಿಲ್ಲದೆ ತನ್ನ ಮಾತನ್ನು ತಾನೇ ಹೇಳುವ ಅವಕಾಶ ಸಿಕ್ಕಾಗ ತಾರೆಯರು ಅದನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಜಗಲಿಯ ಹಿರಿಯರ ಮಾತಿಗೆ ಬರೋಣ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಮುಂದಿಟ್ಟು ಎಷ್ಟೋ ಮನೆಗಳಲ್ಲಿ ಹೊಡೆತವನ್ನೂ ಜಗಳದ ಲೆಕ್ಕಕ್ಕೆ ಸೇರಿಸಿ ಮುಚ್ಚಿಹಾಕಿದ್ದಾರೆ. ಹಿಂಸೆಯು ಮನೆಯ ಗುಟ್ಟಾಗಲಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದದ್ದೇ ಈ ಕಾರಣಕ್ಕೆ. ಹೆಸರಾಂತ ಗಂಡನ ಹಣ, ಪ್ರಭಾವ, ಅಭಿಮಾನಿ ಬಳಗದ ಎದುರು ಒಂಟಿಯಾದ ಹೆಣ್ಣು ಬಹಿರಂಗವಾಗಿ ಬರೆದರೆ, ನಾಲ್ಕು ಜನಕ್ಕೆ ತಿಳಿದಿರುವುದೇ ಆಕೆಗೆ ಒಂದು ರಕ್ಷಣೆಯಾಗಬಹುದು. ಆದ್ದರಿಂದ ಬರೆದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇನ್ನು ಯಂತ್ರದ ಪಾತ್ರ. ಜಾಲತಾಣವು ಬರೀ ಖಾಲಿ ಗೋಡೆಯಲ್ಲ. ಯಾರ ಬರಹವನ್ನು ಯಾರಿಗೆ ತೋರಿಸಬೇಕೆಂದು ಅದೇ ಆಯ್ಕೆ ಮಾಡುತ್ತದೆ. 2017ರಿಂದ ಕೆಲಕಾಲ ಫೇಸ್‌ಬುಕ್‌ನ ಲೆಕ್ಕಾಚಾರದಲ್ಲಿ ಸಿಟ್ಟಿನ ಮುಖದಂತಹ ಗುರುತುಗಳಿಗೆ ಸಾಮಾನ್ಯ ‘ಲೈಕ್’ನ ಐದರಷ್ಟು ತೂಕವಿತ್ತು. 2018ರಲ್ಲಿ ಹೆಚ್ಚು ಚರ್ಚೆ ಎಬ್ಬಿಸುವ ಬರಹಗಳನ್ನು ಮುಂದೆ ತರುವ ಬದಲಾವಣೆಯೂ ಆಯಿತು. ಇದರಿಂದ ಕೋಪದ ಬರಹಗಳಿಗೆ ಇಂಬು ಸಿಗುತ್ತಿದೆಯೆಂದು ಸಂಸ್ಥೆಯ ನೌಕರರೇ ಎಚ್ಚರಿಸಿದ್ದರೆಂಬುದು 2021ರಲ್ಲಿ ಹೊರಬಿದ್ದ ಒಳಗಿನ ಕಾಗದಪತ್ರಗಳಿಂದ ತಿಳಿಯಿತು. ‘ನಾವು ಸೌಹಾರ್ದದಿಂದ ಬೇರೆಯಾದೆವು’ ಎಂಬ ಸಾಲಿಗೆ ಹತ್ತು ಜನ ಉತ್ತರಿಸಿದರೆ, ‘ನನಗೆ ಮೋಸವಾಯಿತು’ ಎಂಬ ಸಾಲಿಗೆ ಸಾವಿರ ಜನ ಉತ್ತರಿಸುತ್ತಾರೆ. ಯಂತ್ರಕ್ಕೆ ಬೇಕಾದದ್ದು ಎರಡನೆಯದು.

ಆ ಸಾವಿರ ಜನ ಯಾರು? ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿಯೇ, ದೂರದರ್ಶನದ ತೆರೆಯ ಮೇಲಿನ ವ್ಯಕ್ತಿಯನ್ನು ವೀಕ್ಷಕರು ತಮ್ಮ ಆಪ್ತರೆಂದು ಭಾವಿಸುವ ಏಕಮುಖ ನಂಟನ್ನು ಗುರುತಿಸಿದ್ದರು. ನಿಮಗೆ ಅವರು ಗೊತ್ತು, ಅವರಿಗೆ ನೀವು ಗೊತ್ತಿಲ್ಲ. ಈ ನಂಟು ಅಂಗೈಯ ಫೋನಿಗೆ ಬಂದ ಮೇಲೆ ಇನ್ನೂ ಬಿಗಿಯಾಗಿದೆ. ತನ್ನ ನೆಚ್ಚಿನ ನಟನ ಮನೆಯ ವಿಷಯದಲ್ಲಿ ತಾನೇ ಪಕ್ಷ ವಹಿಸಬೇಕೆಂದು ಅಭಿಮಾನಿಗೆ ಅನಿಸುತ್ತದೆ. ಇದು ಎಲ್ಲಿಗೆ ಮುಟ್ಟಬಹುದೆಂಬುದನ್ನು 2024ರಲ್ಲಿ ಕರ್ನಾಟಕ ಕಂಡಿತು. ಆ ವರ್ಷದ ಜನವರಿಯಲ್ಲಿ ಒಬ್ಬ ಪ್ರಸಿದ್ಧ ನಟರ ಸಂಸಾರಕ್ಕೆ ಸಂಬಂಧಿಸಿದ ಮಾತು-ಮರುಮಾತು ಇನ್‌ಸ್ಟಾಗ್ರಾಂನಲ್ಲಿ ಎಲ್ಲರೆದುರು ನಡೆದಿತ್ತು. ಜೂನ್‌ನಲ್ಲಿ ಚಿತ್ರದುರ್ಗದ ರೇಣುಕಸ್ವಾಮಿಯ ಕೊಲೆಯಾಯಿತು. ಆ ನಟರಿಗೆ ಆಪ್ತರಾದ ನಟಿಗೆ ಆತ ಅಶ್ಲೀಲ ಸಂದೇಶ ಕಳುಹಿಸಿದ್ದೇ ಕೊಲೆಗೆ ಕಾರಣವೆಂಬುದು ಪೊಲೀಸರ ಆರೋಪ. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ಯಾರದೋ ಮನೆಯ ವಿಷಯಕ್ಕೂ ತನಗೂ ಸಂಬಂಧವಿದೆ ಎಂದುಕೊಂಡು ಸಂದೇಶ ಕಳುಹಿಸುವ ಅಪರಿಚಿತ, ಆ ಮನೆಯವರೆಲ್ಲರಿಗಿಂತ ಹೆಚ್ಚು ಅರಕ್ಷಿತನಾಗಿರುತ್ತಾನೆ. ಅವನ ಸಂದೇಶವನ್ನು ಸಮರ್ಥಿಸಲಾಗದು. ಅವನ ಸಾವನ್ನಂತೂ ಯಾವ ರೀತಿಯಲ್ಲೂ ಸಮರ್ಥಿಸಲಾಗದು.

ಕಾನೂನು ಏನು ಹೇಳುತ್ತದೆ? 1955ರ ಹಿಂದೂ ವಿವಾಹ ಕಾಯ್ದೆಯ 22ನೆಯ ವಿಧಿಯಂತೆ ದಾಂಪತ್ಯದ ಮೊಕದ್ದಮೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಆ ವಿಚಾರಣೆಯ ವಿವರಗಳನ್ನು ಯಾರೂ ಪ್ರಕಟಿಸುವಂತಿಲ್ಲ. ಉಲ್ಲಂಘಿಸಿದರೆ ದಂಡ 1,000 ರೂಪಾಯಿಯವರೆಗೆ. (ಇಂದಿನ ತಾರೆಯರ ಒಂದು ಜಾಹೀರಾತಿನ ಸಂಭಾವನೆಯ ಎದುರು ಈ ಮೊತ್ತ ಯಾರನ್ನು ಹೆದರಿಸೀತು?) 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆದರೆ ಇದಕ್ಕೂ ಮೊದಲು, 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಸೂಕ್ಷ್ಮವನ್ನು ತಿಳಿಸಿತ್ತು. ಮದುವೆ, ಸಂಸಾರ, ಮಕ್ಕಳ ವಿಷಯದಲ್ಲಿ ಯಾರನ್ನಾದರೂ ಅವರ ಪಾಡಿಗೆ ಬಿಡಬೇಕು; ಆದರೆ ವ್ಯಕ್ತಿ ತಾನಾಗಿಯೇ ವಿವಾದಕ್ಕೆ ಇಳಿದರೆ ಪರಿಸ್ಥಿತಿ ಬೇರೆಯಾಗಬಹುದು. ಅಂದರೆ, ಮೊದಲ ಸಾಲನ್ನು ಬರೆದವರು ತಮ್ಮ ಬಾಗಿಲನ್ನು ತಾವೇ ತೆರೆದಂತೆ. ನಾಳೆ ಮುಚ್ಚಲು ಹೋದಾಗ ಅದು ಮೊದಲಿನಂತೆ ಮುಚ್ಚದಿರಬಹುದು.

ಮಕ್ಕಳಿರುವ ಮನೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಇಂದು ಮೂರು ವರ್ಷದ ಮಗು ಹತ್ತು ವರ್ಷಗಳ ನಂತರ ಅಪ್ಪ ಅಮ್ಮನ ಹೆಸರನ್ನು ಹುಡುಕಿದರೆ ಅವರ ಸಿಟ್ಟಿನ ದಿನದ ಮಾತುಗಳೇ ಮೊದಲು ಸಿಕ್ಕಾವು. ತಂದೆತಾಯಿ ಆಮೇಲೆ ರಾಜಿಯಾಗಿ, ಬರೆದದ್ದನ್ನು ಅಳಿಸಿದ್ದರೂ ಯಾರೋ ತೆಗೆದಿಟ್ಟುಕೊಂಡ ಪ್ರತಿ ಹಾಗೆಯೇ ಉಳಿದಿರುತ್ತದೆ. ನಿಮ್ಮ ಹಾಸ್ಟೆಲಿನಲ್ಲಿ ಗೆಳತಿಯ ಮೇಲಿನ ಮುನಿಸನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿ, ಅವಳು ನೋಡಿದಳೇ ಎಂದು ಕಾಯುವವರೂ ಇದ್ದಾರಲ್ಲವೇ? ಅದೂ ಸಭೆಯೇ, ನೋಡುವವರ ಸಂಖ್ಯೆ ಕಡಿಮೆ, ಅಷ್ಟೆ.

ಸಭೆಯಿಲ್ಲದ ಜಾಗವೂ ಇದೆ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ನ್ಯಾಯಾಲಯಗಳು ದಾಂಪತ್ಯದ ವ್ಯಾಜ್ಯಗಳನ್ನೂ ಕಳುಹಿಸುತ್ತವೆ. ತರಬೇತಿ ಪಡೆದ ಮಧ್ಯಸ್ಥರೊಬ್ಬರು ಗಂಡ ಹೆಂಡತಿಯರನ್ನು ಒಟ್ಟಿಗೂ ಬೇರೆಬೇರೆಯಾಗಿಯೂ ಕೂರಿಸಿಕೊಂಡು ಕೇಳುತ್ತಾರೆ. ಜಗಲಿಯ ಹಿರಿಯರಂತೆ ತೀರ್ಪು ಹೇಳುವ ಅಧಿಕಾರ ಅವರಿಗಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಕೆಯಾಗುವಂತೆಯೂ ಇಲ್ಲ. ಎಷ್ಟೋ ಜೋಡಿಗಳು ಕೂಡಿ ಬಾಳುವುದಕ್ಕೋ ಗೌರವದಿಂದ ಬೇರೆಯಾಗುವುದಕ್ಕೋ ಒಪ್ಪಿ ಅಲ್ಲಿಂದ ಎದ್ದು ಬಂದಿದ್ದಾರೆ. ಅವರ ಸುದ್ದಿ ನಿಮ್ಮ ಫೋನಿಗೆ ಬಂದಿಲ್ಲ.