ಗೂಡು ಗಿಡದಲ್ಲೇ ಇರಲಿ

ಪರಿಸರ ಅಧ್ಯಯನದ ಪಾಠಕ್ಕೆ ಹಕ್ಕಿಯ ಗೂಡನ್ನೇ ಕಲಿಕೋಪಕರಣವೆಂದು ಕಿತ್ತು ತರುವ ಪ್ರಶಿಕ್ಷಣಾರ್ಥಿಗಳಿದ್ದಾರೆ. ಅದು ಏಕೆ ತಪ್ಪು ಎಂಬುದನ್ನು ಹಿತ್ತಲಿನ ಸಿಂಪಿಗ ಹಕ್ಕಿಯ ಗೂಡೇ ತಿಳಿಸುತ್ತದೆ.

ಹೆಣ್ಣು ಹಕ್ಕಿ ಗಿಡದಲ್ಲಿರುವ ಅಗಲ ಎಲೆಯ ಅಂಚುಗಳಿಗೆ ಕೊಕ್ಕಿನಿಂದ ತೂತು ಮಾಡಿ, ನಾರಿನ ಎಳೆ ಇಲ್ಲವೇ ಜೇಡನ ನೂಲು ತೂರಿಸಿ ದೊನ್ನೆಯಂತೆ ಹೊಲಿಯುತ್ತದೆ. ಗಂಟು ಹಾಕುವುದಿಲ್ಲ, ಹೊರಬಂದ ಎಳೆಯ ತುದಿ ಬಿಚ್ಚಿ ಹರಡಿಕೊಂಡು ತೂತಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಹೊಲಿದ ಎಲೆ ಹಸಿರಾಗಿಯೇ ಉಳಿಯುವುದರಿಂದ ಗೂಡು ಸುಲಭವಾಗಿ ಕಣ್ಣಿಗೆ ಬೀಳದು. ಕಿತ್ತರೆ ಎಲೆ ಬಾಡುತ್ತದೆ, ಮರಿಗಳು ಉಳಿಯವು.

ಆದ್ದರಿಂದ ಮಕ್ಕಳನ್ನು ದೂರದಲ್ಲೇ ಕೂರಿಸಿ. ಹಕ್ಕಿ ಏನು ತಂದಿತು, ಎಷ್ಟು ಸಲ ಬಂದಿತು ಎಂದು ಬರೆಸಿ. ಅದು ಗಾಬರಿಯಿಂದ ಕೂಗಿದರೆ ಇನ್ನಷ್ಟು ಹಿಂದೆ ಸರಿಯಿರಿ. ತರಗತಿಯಲ್ಲಿ ಹೊಲಿಗೆ ತೋರಿಸಲು ಮುತ್ತುಗದ ಎಲೆ, ಸೂಜಿ, ದಾರ ಸಾಕು.