ಫರ್ಸಿಯ ಸೀಮೆಯಲ್ಲಿ ಗೇಮಿಂಗ್ ಕಂಪ್ಯೂಟರ್

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಯ ಸೀಮೆಯಲ್ಲಿ ಎರೆಮಣ್ಣಿನ ಕೆಳಗೆ ಬೂದುಬಣ್ಣದ ಸುಣ್ಣಕಲ್ಲು ಪದರ ಪದರವಾಗಿ ಮಲಗಿದ್ದು, ಸೀಳಿದರೆ ಅದು ಶಹಾಬಾದಿ ಫರ್ಸಿಯಾಗಿ ಮನೆಗಳ ನೆಲವನ್ನು ಸೇರುತ್ತದೆ, ಅರೆದು ಸುಟ್ಟರೆ ಸಿಮೆಂಟಾಗುತ್ತದೆ. 1968ರಲ್ಲಿ ವಾಡಿಯಲ್ಲಿ ಆರಂಭವಾದ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಮೊದಲಾದ ಕಾರ್ಖಾನೆಗಳು ಈ ಕಲ್ಲನ್ನೇ ನಂಬಿ ಬೆಳೆದವು. ಇಂಥ ನೆಲದಲ್ಲಿ ಬಿಡಿಭಾಗಗಳನ್ನು ಕೊಂಡು ತಂದು, ಮನೆಯ ಮೇಜಿನ ಮೇಲೆ ಕೈಯಾರೆ ಜೋಡಿಸಿ, ಭಾರವಾದ ವಿಡಿಯೊ ಗೇಮುಗಳನ್ನು ಆಡಬಲ್ಲ ಕಂಪ್ಯೂಟರ್ ಕಟ್ಟುವುದು ಬೆಂಗಳೂರಿನ ತಂಪು ಹವೆಯಲ್ಲಿ ಕಟ್ಟುವುದಕ್ಕಿಂತ ಬೇರೆಯೇ ಆದ ವಿದ್ಯೆ. ಬಿಡಿಭಾಗಗಳು ಎರಡೂ ಕಡೆ ಒಂದೇ ಆದರೂ ಇಲ್ಲಿ ಅವನ್ನು ಧೂಳಿನಿಂದ, ಬೇಸಿಗೆಯ ಕಾವಿನಿಂದ ಮತ್ತು ಅರೆಬರೆ ಅರ್ಥಿಂಗಿನಿಂದ ಕಾಪಾಡಬೇಕಾಗುತ್ತದೆ. ಈ ಕಾಪಾಡುವ ಕೆಲಸವನ್ನು ಯಾವ ತಯಾರಕರ ಕೈಪಿಡಿಯೂ ಪೂರ್ತಿ ಹೇಳಿಕೊಡುವುದಿಲ್ಲ.

ಈ ಹವ್ಯಾಸದ ಇತಿಹಾಸ ಚಿಕ್ಕದು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆಯನ್ನು ತಂದದ್ದರಿಂದ ಒಬ್ಬರ ಮದರ್‌ಬೋರ್ಡು ಇನ್ನೊಬ್ಬರ ಕ್ಯಾಬಿನೆಟ್ಟಿನಲ್ಲಿ ಕೂರುವಂತಾಯಿತು. 1999ರಲ್ಲಿ ಎನ್ವಿಡಿಯಾದ ಜೀಫೋರ್ಸ್ 256 ಬಂದ ಮೇಲೆ ಚಿತ್ರ ಬಿಡಿಸುವ ಕೆಲಸಕ್ಕೆಂದೇ ಮೀಸಲಾದ ಗ್ರಾಫಿಕ್ಸ್ ಕಾರ್ಡು ಗೇಮಿಂಗ್ ಕಂಪ್ಯೂಟರಿನ ಹೃದಯವಾಯಿತು. ಮುಂದಿನ ದಶಕದಲ್ಲಿ ನಮ್ಮ ಪಟ್ಟಣಗಳ ಸೈಬರ್ ಕೆಫೆಗಳ ಮೂಲಕ ಕೌಂಟರ್ ಸ್ಟ್ರೈಕ್, ವೈಸ್ ಸಿಟಿ, ಕ್ರಿಕೆಟ್ 07 ಎಂಬ ಆಟಗಳ ಹೆಸರುಗಳು ಒಂದು ತಲೆಮಾರಿನ ಬಾಯಲ್ಲಿ ನೆಲೆಸಿದವು. 2016ರ ನಂತರ ಅಗ್ಗದ 4ಜಿ ಬಂದು ಆಟ ಮೊಬೈಲಿಗೆ ಇಳಿದಾಗ ಆ ಕೆಫೆಗಳು ಸೊರಗಿದವು. ಬಿಡಿಭಾಗದ ಪೇಟೆಯ ಮಟ್ಟಿಗೆ ಈ ಸೀಮೆಗೆ ರೈಲಿನ ಋಣ ದೊಡ್ಡದು. 1874ರಲ್ಲಿ ನಿಜಾಮನ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ಮಾರ್ಗವು ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ಹಾದು ಹೋಗುವುದರಿಂದ, ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ವಾಡಿಗೆ ಇನ್ನೂರು ಕಿಲೋಮೀಟರಿನೊಳಗೆ ಸಿಗುತ್ತದೆ, ಅಂಥದೇ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಾದರೋ ಐನೂರು ಕಿಲೋಮೀಟರಿಗಿಂತ ಆಚೆಗಿದೆ. ರೈಲಿಲ್ಲದ ಚಿಂಚೋಳಿಗೆ ಮಾತ್ರ ಬಸ್ಸೇ ಗತಿ.

ಜೋಡಣೆಯ ಕ್ರಮ ಕಾಣುವಷ್ಟು ಕಠಿಣವಲ್ಲ. ಲೆಕ್ಕ ಮಾಡುವ ಪ್ರೊಸೆಸರನ್ನು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಮೂಲೆಯ ತ್ರಿಕೋನದ ಗುರುತು ನೋಡಿ ಒತ್ತಡವಿಲ್ಲದೆ ಕೂರಿಸಿ, ಅದರ ಬೆನ್ನಿಗೆ ಶಾಖ ಸಾಗಿಸುವ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು, ಮೇಲೆ ಕೂಲರು ಬಿಗಿದು, ತಾತ್ಕಾಲಿಕ ನೆನಪಿನ ರ‍್ಯಾಮ್ ಪಟ್ಟಿಗಳು ಎರಡಿದ್ದರೆ ನಾಲ್ಕು ಗೂಡುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಗೂಡಿಗೆ ಸೇರಿಸಿ, ಬಳಿಕ ಇಡೀ ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸಲಾಗುತ್ತದೆ. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎಂದು ಹೆಸರು; ಮೊದಲ ಸಲ ಕಟ್ಟುವವರು ಹಣ ಉಳಿಸಲು ಹೊರಡುವುದು ಇದರಲ್ಲೇ, ಉಳಿಸಬಾರದ್ದೂ ಇದರಲ್ಲೇ, ಏಕೆಂದರೆ ಇದು ಕೆಟ್ಟರೆ ಉಳಿದ ಭಾಗಗಳನ್ನೂ ಜೊತೆಗೆ ಕರೆದೊಯ್ಯಬಲ್ಲದು.

ಧೂಳಿನ ವಿಚಾರವನ್ನು ಸಾವಕಾಶವಾಗಿ ನೋಡಬೇಕು. ಕಲ್ಲಿನ ಗಣಿ, ಫರ್ಸಿ ಕೊಯ್ಯುವ ಯಂತ್ರ, ಲಾರಿಗಳು ಓಡುವ ಕಚ್ಚಾ ರಸ್ತೆ ಮತ್ತು ತೊಗರಿ ರಾಶಿಯ ಹೊಟ್ಟು ಇವೆಲ್ಲವೂ ಸೇರಿದ ಈ ಭಾಗದ ಧೂಳು ಬಲು ಸಣ್ಣಗಿದ್ದು, ಫ್ಯಾನು ಎಳೆದುಕೊಂಡ ಗಾಳಿಯೊಂದಿಗೆ ಒಳನುಗ್ಗಿ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಸಿಮೆಂಟಿನ ಕಣ ಬೆರೆತಿದ್ದರೆ ಅಪಾಯ ಇನ್ನೂ ಹೆಚ್ಚು: ನೀರು ತಾಗಿದರೆ ಗಟ್ಟಿಯಾಗುವುದು ಸಿಮೆಂಟಿನ ಗುಣವಾದ್ದರಿಂದ, ಮಳೆಗಾಲದ ತೇವಕ್ಕೆ ಅದು ರೆಕ್ಕೆಗಳ ಮೇಲೆ ಚಕ್ಕೆಯಾಗಿ ಕೂರುತ್ತದೆ. ಇಲ್ಲಿ ಬೇಸಿಗೆಯ ಏರ್‌ಕೂಲರನ್ನೂ ನೆನೆಯಬೇಕು. ಒದ್ದೆ ಪ್ಯಾಡಿನ ಮೂಲಕ ಗಾಳಿ ಹಾಯಿಸುವ ಈ ಡಬ್ಬಿ ಕಲಬುರಗಿ ಸೀಮೆಯ ಮನೆಗಳಲ್ಲಿ ಅನ್ನದ ಪಾತ್ರೆಯಷ್ಟೇ ಅಗತ್ಯದ್ದು. ಅದು ಕೋಣೆಯ ಕಾವನ್ನು ಇಳಿಸುವುದರಿಂದ ಕಂಪ್ಯೂಟರಿಗೆ ಉಪಕಾರಿಯೇ, ಆದರೆ ಅದರ ಬಾಯಿಗೆ ನೇರವಾಗಿ ಕ್ಯಾಬಿನೆಟ್ ಇಟ್ಟರೆ ತೇವವೂ ಧೂಳೂ ಒಟ್ಟಿಗೆ ಒಳಹೊಕ್ಕು ಒಂದೇ ಬೇಸಿಗೆಯಲ್ಲಿ ಮದರ್‌ಬೋರ್ಡಿನ ಮೇಲೆ ಕೆಸರಿನ ಪೊರೆ ಕಟ್ಟುತ್ತದೆ. ಕೂಲರಿನ ಗಾಳಿ ಮನುಷ್ಯರ ಕಡೆಗೆ ಬೀಸಲಿ, ಯಂತ್ರ ಅದರ ಪಕ್ಕಕ್ಕೆ ಸರಿದು ನಿಲ್ಲಲಿ.

ಈ ಧೂಳಿಗೆ ಮದ್ದು ಇದೇ ಸೀಮೆಯ ಕಾರ್ಖಾನೆಗಳ ಒಳಗೇ ಇದೆ ಎಂಬುದು ಈ ವಿದ್ಯೆಯ ಅತ್ಯಂತ ಸೊಗಸಾದ ಸಂಗತಿ. ಸುಮಾರು 1,450 ಡಿಗ್ರಿಯಲ್ಲಿ ಕಲ್ಲನ್ನು ಸುಡುವ ಸಿಮೆಂಟ್ ಗೂಡಿನ ಸುತ್ತ ಧೂಳು ಎಷ್ಟೇ ಇದ್ದರೂ ಮೋಟಾರುಗಳನ್ನು ನಿಯಂತ್ರಿಸುವ ವಿದ್ಯುತ್ ಕೋಣೆಗಳು ಸ್ವಚ್ಛವಾಗಿ ಉಳಿಯಲೇಬೇಕು. ಅದಕ್ಕಾಗಿ ಆ ಕೋಣೆಗಳಿಗೆ ಸೋಸಿದ ಗಾಳಿಯನ್ನು ಫ್ಯಾನಿನಿಂದ ತುಂಬುತ್ತಾರೆ, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ, ಆಗ ಬಾಗಿಲಿನ ಸಂದಿ, ಕೇಬಲ್ಲಿನ ತೂತುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಇದನ್ನು ಧನಾತ್ಮಕ ಒತ್ತಡ ಎನ್ನುತ್ತಾರೆ. ಕ್ಯಾಬಿನೆಟ್ಟಿನಲ್ಲೂ ಇದೇ ನ್ಯಾಯ ನಡೆಯುತ್ತದೆ: ಮುಂಭಾಗದಲ್ಲಿ ಗಾಳಿ ಎಳೆಯುವ ಎರಡು ಮೂರು ಫ್ಯಾನುಗಳನ್ನು ಇಟ್ಟು, ಅವುಗಳ ಮುಂದೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಕಟ್ಟಿ, ಹಿಂಭಾಗದಲ್ಲಿ ಹೊರದೂಡುವ ಫ್ಯಾನು ಒಂದನ್ನೇ ಉಳಿಸಿದರೆ, ಒಳಗಿನ ಗಾಳಿ ಎಲ್ಲ ಸಂದಿಗಳಿಂದ ಹೊರಗೇ ಸೂಸುತ್ತದೆ, ಲೆಕ್ಕ ತಪ್ಪಿ ಹೊರದೂಡುವ ಫ್ಯಾನುಗಳೇ ಹೆಚ್ಚಾದರೆ ಜಾಲರಿಯಿಲ್ಲದ ಪ್ರತಿಯೊಂದು ಸಂದಿಯೂ ಧೂಳು ಕುಡಿಯುವ ಬಾಯಾಗುತ್ತದೆ. ಜಾಲರಿಯನ್ನು ತಿಂಗಳಿಗೆ ಎರಡು ಬಾರಿಯಾದರೂ ಬಿಚ್ಚಿ ಕೊಡವಿದರಷ್ಟೇ ಈ ಏರ್ಪಾಡು ಕೆಲಸ ಮಾಡುತ್ತದೆ, ಏಕೆಂದರೆ ಮುಚ್ಚಿಹೋದ ಜಾಲರಿ ಎಳೆಯುವ ಗಾಳಿಯನ್ನೇ ಕಸಿದು ಒತ್ತಡದ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಕ್ಯಾಬಿನೆಟ್ಟನ್ನು ನೆಲದಿಂದ ಒಂದು ಗೇಣಾದರೂ ಮೇಲಿಡಬೇಕು, ಕಸ ಗುಡಿಸುವಾಗ ಏಳುವ ಧೂಳು ದಟ್ಟವಾಗಿರುವುದು ಆ ಗೇಣಿನಲ್ಲೇ. ಪೇರಿಸಿದ ಇಟ್ಟಿಗೆಗಳ ಮೇಲೆ ಹಾಸಿದ ಫರ್ಸಿಯ ತುಂಡೊಂದು ಅದಕ್ಕೆ ಧಾರಾಳವಾಗಿ ಸಾಕು. ಬ್ಲೋವರಿನಿಂದ ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆಯಂತೂ ಒಳಗೆ ಸುಳಿಯಲೇಬಾರದು.

ಧೂಳಿನ ಜೊತೆಗಾರ ಬಿಸಿಲು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ಆರಂಭವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಒಂದೇ ಕೆಲಸಕ್ಕೆ ಪ್ರೊಸೆಸರು ಕೋಣೆಯ ಉಷ್ಣಕ್ಕಿಂತ ಎಷ್ಟು ಮೇಲೇರುತ್ತದೆ ಎಂಬ ಅಂತರ ಸರಿಸುಮಾರು ಒಂದೇ ಆಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 75ಕ್ಕೆ ನಿಲ್ಲುವ ಪ್ರೊಸೆಸರು 42 ಡಿಗ್ರಿಯ ಕೋಣೆಯಲ್ಲಿ 92 ಮುಟ್ಟುತ್ತದೆ ಎಂದರೆ, ಸುಮಾರು 95 ಅಥವಾ 100 ಡಿಗ್ರಿಗೆ ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುವಂತೆ ರಚಿಸಿರುವ ಈಗಿನ ರೈಜನ್ ಮತ್ತು ಇಂಟೆಲ್ ಪ್ರೊಸೆಸರುಗಳಿಗೆ ಉಳಿಯುವ ಅವಕಾಶ ಎಷ್ಟು ಕಿರಿದೆಂಬುದು ತಿಳಿಯುತ್ತದೆ.

ಆದ್ದರಿಂದ ಹೊರಜಗತ್ತಿನಲ್ಲಿ ಟ್ಯೂನಿಂಗ್ ಎಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್ ಎಂದು ಅರ್ಥವಾದರೆ, ಈ ಸೀಮೆಯಲ್ಲಿ ಅದರ ನಿಜವಾದ ಅರ್ಥ ವೋಲ್ಟೇಜು ಇಳಿಸುವುದು, ಅಂದರೆ ಅಂಡರ್‌ವೋಲ್ಟಿಂಗ್. ಚಿಪ್ಪು ನುಂಗುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುವುದರಿಂದ, ವೇಗ ಹಾಗೆಯೇ ಇಟ್ಟು ವೋಲ್ಟೇಜನ್ನು ಶೇ. 10ರಷ್ಟು ಇಳಿಸಿದರೆ ವಿದ್ಯುತ್ತಿನ ಬಳಕೆ ಶೇ. 19ರಷ್ಟು ತಗ್ಗುತ್ತದೆ, ಕಾವು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕಾರ್ಖಾನೆಯಿಂದ ಬರುವಾಗ ಪ್ರತಿಯೊಂದು ಚಿಪ್ಪಿಗೂ ತುಸು ಹೆಚ್ಚಿನ ವೋಲ್ಟೇಜನ್ನೇ ನಿಗದಿ ಮಾಡಿರುತ್ತಾರೆ, ದುರ್ಬಲವಾದ ಚಿಪ್ಪೂ ತಪ್ಪದೆ ಓಡಲೆಂದು. ಆ ಹೆಚ್ಚುವರಿಯನ್ನು ಕೈಯಲ್ಲಿರುವ ಚಿಪ್ಪಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಳೆಯುತ್ತಾ, ಪ್ರತಿ ಮೆಟ್ಟಿಲಿನಲ್ಲೂ ಅರ್ಧ ಗಂಟೆಯಾದರೂ ಭಾರವಾದ ಆಟ ಆಡಿಸಿ, ಎಲ್ಲಿ ಯಂತ್ರ ತೊದಲುತ್ತದೋ ಅಲ್ಲಿಂದ ಒಂದೆರಡು ಮೆಟ್ಟಿಲು ಹಿಂದೆ ಬಂದು ನಿಲ್ಲಿಸುವುದು ಕ್ರಮ. ಗ್ರಾಫಿಕ್ಸ್ ಕಾರ್ಡಿಗೆ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ವಿದ್ಯುತ್ತಿನ ಮಿತಿಯನ್ನು ಶೇ. 80ಕ್ಕೆ ಇಳಿಸಿದರೆ ಹಲವು ಕಾರ್ಡುಗಳಲ್ಲಿ ಆಟದ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಫ್ಯಾನಿನ ಸದ್ದು ಮಾತ್ರ ಕಿವಿಗೆ ಗೊತ್ತಾಗುವಷ್ಟು ತಗ್ಗುತ್ತದೆ. ಮಾನಿಟರು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುವುದಾದರೆ ಕಾರ್ಡು 150 ಚಿತ್ರಗಳನ್ನು ಬಿಡಿಸುವುದು ಕಾಣದ ಕೆಲಸಕ್ಕೆ ಕರೆಂಟು ಸುಟ್ಟಂತೆ. ಆಟದೊಳಗೇ ಮಿತಿ ಹಾಕುವುದು ಲೇಸು. ಹೀಗೆ ತಗ್ಗಿಸಿಕೊಂಡು ನಡೆಯುವ ಈ ಟ್ಯೂನಿಂಗ್ ಓವರ್‌ಕ್ಲಾಕಿಂಗಿಗಿಂತ ಹೆಚ್ಚು ತಾಳ್ಮೆಯನ್ನೂ ಹೆಚ್ಚು ತಿಳಿವಳಿಕೆಯನ್ನೂ ಬೇಡುತ್ತದೆ ಎಂದರೆ ತಪ್ಪಾಗದು.

ಅರ್ಥಿಂಗಿನ ಕಥೆಗೂ ಕಲ್ಲೇ ಕಾರಣ. ಎಸ್‌ಎಂಪಿಎಸ್ಸಿನ ಒಳಗೆ ಗದ್ದಲ ಸೋಸಲು ಇಟ್ಟಿರುವ ಸಣ್ಣ ಕೆಪಾಸಿಟರುಗಳು ಕ್ಯಾಬಿನೆಟ್ಟಿನ ಲೋಹಕ್ಕೆ ಅತ್ಯಲ್ಪ ಕರೆಂಟನ್ನು ಸದಾ ಸೋರಿಸುತ್ತವೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ಟು ಮುಟ್ಟಿದ ಬೆರಳು ಜುಮ್ಮೆನ್ನುತ್ತದೆ. ತೇವದ ಎರೆಮಣ್ಣು ಕರೆಂಟನ್ನು ಸುಲಭವಾಗಿ ಇಳಿಸಿಕೊಳ್ಳುತ್ತದೆ, ಸುಣ್ಣಕಲ್ಲಿನ ಬಂಡೆ ಹಾಗಲ್ಲ. ಕೆಲವೇ ಅಡಿಗೆ ಹಾಸುಬಂಡೆ ಸಿಗುವ ಕಡೆಗಳಲ್ಲಿ ಅರ್ಥಿಂಗಿನ ಪೈಪನ್ನು ಬೇಕಾದಷ್ಟು ಆಳಕ್ಕೆ ಇಳಿಸುವುದೇ ಕಷ್ಟ. ಇದ್ದಲು ಮತ್ತು ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯದ ಮನೆಯಲ್ಲಿ ಕಂಪ್ಯೂಟರು ಹೆಚ್ಚು ಸುರಕ್ಷಿತ. ಕಂಪ್ಯೂಟರಿಗೆ ಸ್ಟೆಬಿಲೈಸರ್ ಬೇಕೇಬೇಕೆಂಬ ನಂಬಿಕೆ ಮಾತ್ರ ಹಳೆಯ ಕಾಲದ್ದು, ಏಕೆಂದರೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಹೋದ ಕರೆಂಟು ಮರಳಿ ಬರುವಾಗಿನ ಏಟೇ ಹೆಚ್ಚು ಅಪಾಯದ್ದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟಿನಷ್ಟೇ ಕೊಡುವುದರಿಂದ, ಆಟದ ನಡುವೆ ಕರೆಂಟು ಹೋದಾಗ ಅದು ಯಂತ್ರವನ್ನು ಹೊರಲಾರದೆ ಕೈಬಿಡಬಹುದು.

ದೋಷ ಹುಡುಕುವ ವಿಧಾನಕ್ಕೆ ಇರುವ ಮುಖ್ಯ ಸೂತ್ರ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೋ ತಪ್ಪಿ ಮದರ್‌ಬೋರ್ಡಿಗೆ ಸೇರಿದೆಯೋ ಎಂದು ಮೊದಲು ನೋಡಿ, ಬಳಿಕ ರ‍್ಯಾಮ್ ಪಟ್ಟಿಯನ್ನು ತೆಗೆದು ಅದರ ಹೊಂಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ ಮತ್ತೆ ಕೂರಿಸುತ್ತಾರೆ. ಧೂಳಿನ ಊರುಗಳಲ್ಲಿ ಈ ರಬ್ಬರು ಉಳಿಸಿದ ಕಂಪ್ಯೂಟರುಗಳು ಲೆಕ್ಕವಿಲ್ಲದಷ್ಟು. ಎಲ್ಲವೂ ಸರಿಯಿದ್ದು ಆಟ ಮಾತ್ರ ನಿಧಾನವೆನಿಸಿದರೆ, ಹೆಚ್ಚಿನ ವೇಗದ ರ‍್ಯಾಮ್ ಕೊಂಡಿದ್ದರೂ ಬಯಾಸ್ ಎಂಬ ಮೂಲ ಸಿದ್ಧತೆಯಲ್ಲಿ ಆ ವೇಗವನ್ನು ಜಾರಿಗೆ ತರುವ ಎಕ್ಸ್‌ಎಂಪಿ ಆಯ್ಕೆಯನ್ನು ತೆರೆಯದೆ ಬಿಟ್ಟಿರುವುದು ಅನೇಕ ಸಲ ಕಾರಣವಾಗಿರುತ್ತದೆ.

ಇಷ್ಟು ಸೂಕ್ಷ್ಮವಾದ ಕೈಗೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಮನೆಗಳನ್ನು ಹಾಳುಮಾಡಿದ ಕಾರಣ ಗೇಮ್ ಎಂಬ ಮಾತೇ ಹಿರಿಯರಿಗೆ ಅಳುಕು ತರುವಂತಾಗಿದೆ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆಯು ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳಿಗೆ ಮಾನ್ಯತೆ ನೀಡಿದ್ದು ಈ ಎರಡನ್ನೂ ಬೇರೆ ಮಾಡಿ ನೋಡಲು ನೆರವಾಗಬೇಕು. ವೋಲ್ಟೇಜು, ಉಷ್ಣ, ಗಾಳಿಯ ಒತ್ತಡ, ಅರ್ಥಿಂಗ್ ಇವನ್ನೆಲ್ಲ ಸ್ವಂತ ಯಂತ್ರದ ಮೇಲೆ ಕಲಿತ ಹುಡುಗನಿಗೋ ಹುಡುಗಿಗೋ ಐಟಿಐ, ಡಿಪ್ಲೊಮಾ ತರಗತಿಗಳ ಪಾಠ ಅಪರಿಚಿತವಾಗಿರುವುದಿಲ್ಲ. ಆದರೆ ಕಲಿಯುವ ದಾರಿ ದುಬಾರಿಯಾಗುತ್ತಿದೆ: ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಅದೇ ವರ್ಷದ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ, ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಮೂಲೆ ಸೇರುವ ಕಾಲ ಬಂದಿದೆ. ಅವುಗಳಲ್ಲಿ ಉಚಿತವಾದ ಲಿನಕ್ಸ್ ಸರಾಗವಾಗಿ ಓಡುತ್ತದೆ, ಹಳೆಯ ಆಟಗಳೂ ಓಡುತ್ತವೆ, ಬಿಚ್ಚಿ ಕೂಡಿಸಿ ಕಲಿಯಲು ಅವುಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಸೇಡಂನಲ್ಲಾಗಲಿ ಶಹಾಬಾದಿನಲ್ಲಾಗಲಿ ಅಂಥದೊಂದು ಹಳೆಯ ಕ್ಯಾಬಿನೆಟ್ಟು ಮನೆಯಲ್ಲಿದ್ದವರು ಅದನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಡುವ ಮೊದಲು, ಓಣಿಯಲ್ಲಿ ಕುತೂಹಲವಿರುವ ಮಗುವೊಂದನ್ನು ಕರೆದು, ಒಂದು ಸ್ಕ್ರೂಡ್ರೈವರಿನ ಜೊತೆಗೆ ಅದನ್ನು ಕೊಟ್ಟು ಕಳುಹಿಸಬೇಕು.