ಅಜ್ಜನ ಕ್ಷೌರದ ಕತ್ತಿ, ನಮ್ಮೂರ ಕಲ್ಲು: ಯಾಕೆ ಹೊಂದಲ್ಲ?

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲ, ಶುರು ಮಾಡೋಣ.

ಯಾದಗಿರಿ, ಶಹಾಪುರ, ಸುರಪುರ ಕಡೆ ಕ್ಷೌರದ ಕಸುಬು ಅಂದರೆ ಹಡಪದ ಸಮಾಜದ ನೆನಪು ಬರುತ್ತೆ. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನವರ ಹೆಸರು ಹೊತ್ತ ಸಮಾಜ ಅದು. ಹಡಪ ಅಂದರೆ ಎಲೆಅಡಿಕೆ ಚೀಲ. ಕ್ಷೌರಿಕರ ಸಾಮಾನಿನ ಚೀಲಕ್ಕೂ ಅದೇ ಮಾತು. ಆ ಚೀಲದಲ್ಲಿ ಮಡಚೋ ಕತ್ತಿಯ ಜೊತೆಗೆ ಸಾಣೆಕಲ್ಲೂ ಇರ್ತಿತ್ತು. ಈಗ ಅಂಗಡಿಗಳಲ್ಲಿ ಅರ್ಧ ಬ್ಲೇಡ್ ಮುರಿದು ಹಾಕ್ತಾರೆ, ಕಲ್ಲಿಗೆ ಕೆಲಸವಿಲ್ಲ.

ಮನೆಯ ಟ್ರಂಕಿನಲ್ಲಿ ಅಜ್ಜನ ಕತ್ತಿ ಸಿಕ್ಕಿತು ಅಂದುಕೊಳ್ಳಿ. ಹಿತ್ತಲಿನ ಕಲ್ಲಿಗೆ ಉಜ್ಜೋಣ ಅನ್ಸುತ್ತೆ. ದಯವಿಟ್ಟು ಬೇಡ!

ನಮ್ಮ ಕಡೆ ಮುಖ್ಯವಾಗಿ ಎರಡು ಕಲ್ಲು. ಒಂದು ಭೀಮಾ ಸೀಮೆಯ ಸುಣ್ಣಕಲ್ಲು, ಶಹಾಬಾದ್ ಪರಸಿ ಅಂತೀವಲ್ಲ, ಅದೇ ಜಾತಿ. ಮುಟ್ಟಿದರೆ ನುಣುಪು. ಆದರೆ ಗಡಸುತನದ ಮೋಸ್ ಅಳತೆಯಲ್ಲಿ ಅದರ ಕ್ಯಾಲ್ಸೈಟ್ 3ರಲ್ಲೇ ನಿಲ್ಲುತ್ತೆ, ಕತ್ತಿಯ ಉಕ್ಕು ಸುಮಾರು 6. ಮೆತ್ತಗಿನದು ಗಟ್ಟಿಯದನ್ನು ಹೇಗೆ ಸವೆಸುತ್ತೆ? ಇನ್ನೊಂದು ಬೆಟ್ಟದ ಗ್ರಾನೈಟ್. ಅದರಲ್ಲಿ ಬೆಣಚು ಇದೆ, ಗಡಸುತನ 7. ಕುಡುಗೋಲಿಗೆ, ಕೊಡಲಿಗೆ ನಡೆಯುತ್ತೆ. ಆದರೆ ಅದರ ಕಾಳು ಒಂದು ಮಿಲಿಮೀಟರ್, ಅದಕ್ಕೂ ದೊಡ್ಡದು. ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಬಾಯಿ ಒಂದು ಮೈಕ್ರಾನಿಗಿಂತ ತೆಳು. ತಲೆಗೂದಲೇ 50ರಿಂದ 100 ಮೈಕ್ರಾನ್ ದಪ್ಪ! ಗ್ರಾನೈಟ್ ಆ ಬಾಯಿಯನ್ನು ಗರಗಸ ಮಾಡಿಬಿಡುತ್ತೆ.

ಅಂದರೆ ಬೇಕಾದ್ದು ಉಕ್ಕಿಗಿಂತ ಗಟ್ಟಿ, ಹಿಟ್ಟಿನಷ್ಟು ಸಣ್ಣ ಕಾಳು, ಎಲ್ಲ ಕಡೆ ಒಂದೇ ಸಮ. ಇಂಥ ಕಲ್ಲು ಜಗತ್ತಿನಲ್ಲಿ ಅಪರೂಪ. ಬೆಲ್ಜಿಯಂನ ಕೋಟಿಕ್ಯೂಲ್‌ನಲ್ಲಿ ಸಣ್ಣ ಗಾರ್ನೆಟ್ ಹರಳುಗಳಿವೆ, ಅಮೆರಿಕದ ಆರ್ಕನ್ಸಾ ಕಲ್ಲಿನಲ್ಲಿ ಅತಿಸಣ್ಣ ಬೆಣಚು. ಹಳೆಯ ಹಡಪದಲ್ಲಿ ಸಾಣೆಕಲ್ಲು ಸಿಕ್ಕರೆ ಕತ್ತಿಗಿಂತ ಜೋಪಾನ ಮಾಡಿ.

ಮಸೆಯೋದು ಹೀಗೆ. ಕಲ್ಲು ಸಪಾಟಾಗಿರಬೇಕು, ನೀರು ಹಾಕಿ. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ಅಂಟಿರಲಿ. ಕೋನ ನೀವು ಹಿಡಿಯೋದೇ ಬೇಡ, ಬೆನ್ನಿನ ದಪ್ಪವೇ ಅದನ್ನು ನೋಡ್ಕೊಳ್ಳುತ್ತೆ. ಈ ಉಪಾಯ ನನಗೆ ಬಹಳ ಇಷ್ಟ. ಬಾಯಿ ಮುಂದಾಗಿ ತಳ್ಳಿ, ಕೊನೆಯಲ್ಲಿ ಬೆನ್ನಿನ ಮೇಲೇ ಹೊರಳಿಸಿ, ವಾಪಸ್ ಎಳೀರಿ. ಒತ್ತಬೇಡಿ, ಕತ್ತಿಯ ಭಾರ ಸಾಕು. ಆಮೇಲೆ ಚರ್ಮದ ಪಟ್ಟಿ. ಅಲ್ಲಿ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೂ ಹೋಯ್ತು, ಬಾಯಿಯೂ ಹೋಯ್ತು.

ಹಾಗಾದ್ರೆ ಅಂಗಡಿಗಳಲ್ಲಿ ಇದು ಮತ್ತೆ ಬರಲಿ ಅನ್ನೋಣವಾ? ನಾನು ಅನ್ನಲ್ಲ. ಒಂದೇ ಕತ್ತಿ ಹತ್ತು ಮುಖಕ್ಕೆ ಓಡಾಡಿದರೆ, ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಹುದು. ಕಲ್ಲಿಗೆ ಮಸೆದರೆ ವೈರಸ್ ಸಾಯಲ್ಲ. ಸಲೂನಿಗೆ ಹೋದಾಗ ಹೊಸ ಬ್ಲೇಡ್ ಕಣ್ಣೆದುರೇ ಬಿಚ್ಚಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಅಜ್ಜನ ಕತ್ತಿ ನಿಮ್ಮೊಬ್ಬರ ಮುಖಕ್ಕೆ ಮಾತ್ರ.

ಬಾಯಿಯ ಹತ್ತಿರ ತುಕ್ಕಿನ ಗುಂಡಿ ಅಥವಾ ಸೀಳು ಕಂಡರೆ ಮಸೆಯೋಕೆ ಹೋಗಬೇಡಿ. ಒರೆಸಿ, ಒಂದು ಹನಿ ಎಣ್ಣೆ ಸವರಿ, ಮತ್ತೆ ಟ್ರಂಕಿನಲ್ಲೇ ಇಡಿ.